ಐದು ದಿನ ಬಂಡೆಯ ಮೇಲೆ

ಬಳ್ಳಾರಿ ಜಾಲಿಯನ್ನು ಕಡಿಯುವುದು ಸುಲಭ, ಕೊಲ್ಲುವುದು ಕಷ್ಟ. ಮೇಲೆ ಕಡಿದರೆ ಬುಡದಿಂದ ಹತ್ತು ಚಿಗುರು ಎದ್ದು, ಒಂದು ಗಿಡ ಇದ್ದ ಕಡೆ ಮುಂದಿನ ವರ್ಷ ಒಂದು ಪೊದೆಯೇ ನಿಂತಿರುತ್ತದೆ. ಅದು ಸಾಯಬೇಕೆಂದರೆ ಬುಡದ ಸುತ್ತ ಒಂದು ಮೊಳ ಅಗೆದು, ಬೇರಿನ ಗಂಟು ಕಾಣುವವರೆಗೆ ಮಣ್ಣು ಸರಿಸಿ, ಆ ಗಂಟಿನ ಕೆಳಗೆ ಕೊಡಲಿ ಹಾಕಬೇಕು. ಹಿರಿಯೂರು ತಾಲ್ಲೂಕಿನಲ್ಲಿ ಉಪ ವಲಯ ಅರಣ್ಯಾಧಿಕಾರಿಯಾಗಿದ್ದ ಆ ವರ್ಷ, ಸಂಕ್ರಾಂತಿಯಿಂದ ಯುಗಾದಿ ದಾಟುವವರೆಗೆ ನನ್ನ ದಿನಗಳೆಲ್ಲ ಈ ಗಂಟುಗಳ ಹಿಂದೆಯೇ ಕಳೆದವು.

ಜಾಗ ಮಾರಿಕಣಿವೆಯ ಹಿನ್ನೀರಿಗೆ ಹತ್ತಿರದ ಒಂದು ಕಾವಲು. ಕಾವಲು ಅಂದರೆ ಹಿಂದಿನವರು ದನ ಮೇಯಲೆಂದು ಬಿಟ್ಟ ಬಯಲು; ಮರ ಕಡಿಮೆ, ಹುಲ್ಲು ಜಾಸ್ತಿ. ಈಗ ಅದು ಸಂರಕ್ಷಿತ ಪ್ರದೇಶ. ಹೊರಗಿನಿಂದ ಬಂದವರು ನೋಡಿ, "ಬರೀ ಬೋಳು ನೆಲ, ಇಲ್ಲಿ ಏನನ್ನ ಕಾಯ್ತೀರಿ?" ಎಂದು ಕೇಳುತ್ತಾರೆ. ಆ ಪ್ರಶ್ನೆ ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಕೃಷ್ಣಮೃಗ ಬದುಕುವುದೇ ಆ ಬೋಳಿನಲ್ಲಿ. ಅದಕ್ಕೆ ಅಡಗಿ ಕೂರುವ ಜಾಗ ಬೇಡ, ದೂರ ಕಾಣುವ ಜಾಗ ಬೇಕು. ತೋಳವೋ ಬೀದಿ ನಾಯಿಯೋ ಬರುವುದು ಮೊದಲೇ ಕಂಡರೆ ಓಡಿ ಬದುಕಿಕೊಳ್ಳುತ್ತದೆ. ಜಾಲಿ ಬೆಳೆದರೆ ದೂರ ಕಾಣುವುದಿಲ್ಲ, ಹುಲ್ಲೂ ಸಾಯುತ್ತದೆ. ಹೊಟ್ಟೆಗಿಲ್ಲದ ಮೃಗ ಶೇಂಗಾ ಹೊಲಕ್ಕೆ ನುಗ್ಗುತ್ತದೆ, ರೈತ ಬಂದು ನಮ್ಮನ್ನು ಬೈಯುತ್ತಾನೆ.

ಆ ಕಾವಲಿನ ನಡುವೆ ನಲವತ್ತು ಎಕರೆಯಷ್ಟು ಜಾಲಿ ಕಟ್ಟಿಕೊಂಡಿತ್ತು. ಅದನ್ನು ತೆಗೆದು ಮತ್ತೆ ಹುಲ್ಲು ಬರಿಸುವುದು ನನಗೆ ವಹಿಸಿದ ಕೆಲಸ. ನನ್ನ ಜೊತೆಗಿದ್ದವರು ಒಬ್ಬ ವಾಚರ್. ಅದೇ ಊರಿನವರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಮಾತು ಕಡಿಮೆ. ಮೆತ್ತಗಿನ ನೆಲದಲ್ಲಿ ಜೆಸಿಬಿ ಬಿಟ್ಟೆವು, ಕಲ್ಲು ನೆಲದಲ್ಲಿ ಹಾರೆ ಪಿಕಾಸಿ ಹಿಡಿದೆವು. ಕಾರೆ, ಬಾರೆ, ಕಗ್ಗಲಿ ಇವು ಈ ನೆಲದ ಗಿಡಗಳು. ಅವಕ್ಕೆ ಕೆಂಪು ಬಟ್ಟೆ ಕಟ್ಟಿ ಉಳಿಸಿದೆವು. ಜಾಲಿಯಲ್ಲೂ ಗೂಡು ಕಂಡರೆ ಆ ಗಿಡವನ್ನು ಮರಿ ಹಾರುವವರೆಗೆ ಬಿಟ್ಟು ಮುಂದೆ ಹೋಗುತ್ತಿದ್ದೆವು. ನನ್ನ ಬೈಕಿನ ಟೈರು ಎಷ್ಟು ಸಲ ಪಂಕ್ಚರ್ ಆಯಿತೆಂದರೆ, ಪಂಕ್ಚರ್ ಅಂಗಡಿಯವನು ನನ್ನನ್ನು ದೂರದಿಂದ ಕಂಡರೇ ನೀರಿನ ತೊಟ್ಟಿ ಎಳೆದಿಡುತ್ತಿದ್ದ.

ಏಪ್ರಿಲ್ ಮುಗಿಯುವ ಹೊತ್ತಿಗೆ ನಲವತ್ತು ಎಕರೆಯೂ ಬಯಲಾಯಿತು. ಆ ವಾರವೇ ಒಂದು ಬೆಳಿಗ್ಗೆ ಗುಡ್ಡದ ಕಡೆಯಿಂದ ಏಳು ಮೃಗಗಳು ಬಂದು ಅಂಚಿನಲ್ಲಿ ನಿಂತು ನೋಡಿದವು. ಒಳಗೆ ಬರಲಿಲ್ಲ. ಅಗೆದ ಕೆಂಪು ಮಣ್ಣು ಬಿಟ್ಟರೆ ಒಳಗೆ ತಿನ್ನಲು ಏನೂ ಇರಲಿಲ್ಲ. ಆದರೂ ಅವು ಬಂದು ನಿಂತದ್ದೇ ನನಗೆ ಸಾಕಾಗಿತ್ತು. ಇನ್ನೊಂದು ಮಳೆ ಬಂದರೆ ಆಯಿತು, ನಾನು ಗೆದ್ದೆ ಅಂದುಕೊಂಡೆ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆ ಹೇಳುವ ಅಗತ್ಯ ಬರುತ್ತಿರಲಿಲ್ಲ. ಆದರೆ ನಾನು ಹೊಳಲ್ಕೆರೆ ಕಡೆಯ ರೈತನ ಮಗ. ನಮ್ಮ ಮನೆಯಲ್ಲಿ ಮುಂಗಾರಿಗೆ ಮೊದಲು ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದರು. ಅಂದರೆ ಕುರಿಗಾರರ ಮಂದೆಯನ್ನು ಕರೆದು, ನಾಲ್ಕಾರು ದಿನ ಹೊಲದಲ್ಲೇ ಬಲೆ ಕಟ್ಟಿ ತಂಗಿಸುವುದು. ಕುರಿಯ ಹಿಕ್ಕೆ, ಗಂಜಲ ಬಿದ್ದ ಹೊಲದಲ್ಲಿ ಮೆಕ್ಕೆಜೋಳ ಹೇಗೆ ಬರುತ್ತದೆಂದು ನಾನು ಕಣ್ಣಾರೆ ಕಂಡವನು. ಬಡಕಲು ಮಣ್ಣಿಗೆ ಗೊಬ್ಬರ ಕೊಟ್ಟರೆ ಹುಲ್ಲು ಬೇಗ ಎದ್ದೀತು ಎಂಬುದು ನನ್ನ ಲೆಕ್ಕಾಚಾರ. ಸಂರಕ್ಷಿತ ಪ್ರದೇಶದೊಳಗೆ ಕುರಿ ತಂಗಿಸಲು ಮೇಲಿನವರ ಒಪ್ಪಿಗೆ ಬೇಕು. ನಾನು ಕೇಳಲಿಲ್ಲ. ಕೇಳಿದರೆ ತಿಂಗಳು ಹಿಡಿಯುತ್ತದೆ, ಅಷ್ಟರಲ್ಲಿ ಮಳೆ ಬಂದುಬಿಡುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮೇ ಮಧ್ಯದಲ್ಲಿ ಧರ್ಮಪುರದ ಕಡೆಯಿಂದ ಒಂದು ಮಂದೆ ಹಿನ್ನೀರಿಗೆ ಇಳಿಯುತ್ತಿತ್ತು. ಪ್ರತಿ ಬೇಸಿಗೆ ಅದು ಬರುವ ದಾರಿ ನಮ್ಮ ಕಾವಲಿನ ಅಂಚಿನದೇ. ಮಂದೆಯ ಯಜಮಾನಿ ಐವತ್ತರ ಆಸುಪಾಸಿನ ಹೆಂಗಸು. ಗಂಡ, ಮೈದುನ ಕುರಿಗಳ ಹಿಂದೆ ಮುಂದೆ ನಡೆಯುತ್ತಿದ್ದರೂ, ಎಲ್ಲಿ ನಿಲ್ಲಬೇಕು, ಎಂದು ಹೊರಡಬೇಕು ಎನ್ನುವುದು ಆಕೆಯ ಮಾತು. ನಾನು ಬೈಕಿನಲ್ಲಿ ಹೋದಾಗ ಆಕೆ ಕಾವಲಿನ ಹೊರಗಿನ ಹಾಸುಬಂಡೆಯ ಮೇಲೆ ಒಲೆ ಹೂಡುತ್ತಿದ್ದರು. ಕಂಬಳಿ ಕೊಡವಿ ಹಾಸಿದರು.

"ಬರ್ರಿ ಸಾರ್, ಕುಂತ್ಕಳ್ರಿ."

"ಕೂರೋಕೆ ಪುರುಸೊತ್ತಿಲ್ಲಕ್ಕ" ಎಂದು ನಿಂತೇ ವಿಷಯ ಹೇಳಿದೆ.

ಆಕೆ ಬಯಲನ್ನು ಒಮ್ಮೆ ನೋಡಿದರು. "ಇದು ಹೊಲ ಅಲ್ವಲ್ಲ ಸಾರ್. ಬೀಡು ನೆಲಕ್ಕೆ ಗೊಬ್ರ ಯಾಕೆ? ಹುಲ್ಲಿಗೆ ಬಡ ನೆಲವೇ ಸೈ."

"ಅದು ನಮಗೆ ಬಿಡಿ. ನೀವು ಐದು ದಿನ ಕುರಿ ನಿಲ್ಲಿಸಿ ಅಷ್ಟೇ."

"ಆಗ್ಲಿ. ಆದ್ರೆ ಕುರಿ ಈಗ ಜಾಲಿ ಕಾಯಿ ಮೇದು ಬಂದವೆ. ಸ್ವಲ್ಪ ದಿನ ಬಂಡೆ ಮೇಲೆ ಇದ್ದು ಬರ್ತೀವಿ."

"ಕಾಯಿ ಮೇದಿದ್ರೆ ಇನ್ನೂ ಒಳ್ಳೇದೇ, ಗೊಬ್ಬರ ಗಟ್ಟಿ ಇರುತ್ತೆ. ಮಳೆ ಬಂದ್ಬಿಡುತ್ತೆ, ಇವತ್ತೇ ಬನ್ನಿ."

ಆಕೆ ನನ್ನ ಮುಖವನ್ನು ಒಮ್ಮೆ ನೋಡಿ, "ನೀವು ಹೇಳಿದಂಗೆ" ಎಂದರು. ಈ ಮಾತುಕತೆಯನ್ನು ಆಮೇಲೆ ಎಷ್ಟು ಸಲ ಮನಸ್ಸಿನಲ್ಲಿ ಆಡಿಸಿದ್ದೇನೋ ಲೆಕ್ಕವಿಲ್ಲ. ಕೇಳಬೇಕಾದ್ದನ್ನೆಲ್ಲ ಆಕೆ ಹೇಳಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿತ್ತು, ಆ ಕೋಣ ನಾನೇ.

ಮಂದೆ ಐದು ದಿನ ಇತ್ತು. ಹಗಲು ಜಾಲಿಯಿಲ್ಲದ ಗುಡ್ಡದ ಇಳಿಜಾರಿನಲ್ಲಿ ಮೇದು, ಸಂಜೆ ಬಯಲಿಗೆ ಬಂದು ಬಲೆಯೊಳಗೆ ಕೂರುತ್ತಿತ್ತು. ಬಲೆಯನ್ನು ದಿನಕ್ಕೊಂದು ಕಡೆ ಬದಲಿಸುತ್ತಿದ್ದರು. ಆರನೇ ಬೆಳಿಗ್ಗೆ ಅವರು ಹಿನ್ನೀರಿನ ಕಡೆ ಹೊರಟರು. ರೋಹಿಣಿ ಮಳೆ ಆ ವರ್ಷ ಹೇಳಿ ಕಳಿಸಿದಂತೆ ಬಂತು.

ಮಳೆಯಾದ ಹತ್ತನೇ ದಿನ ನಾನು ದಿಬ್ಬದ ಮೇಲೆ ನಿಂತು ನೋಡಿದರೆ ಬಯಲೆಲ್ಲ ಹಸಿರು. ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ಹಿರಿಯ ಅಧಿಕಾರಿಗೆ ಕಳಿಸಿಯೂ ಬಿಟ್ಟೆ. ಅವರು ಯಾವತ್ತೂ ಯಾರನ್ನೂ ಹೊಗಳದ ಮನುಷ್ಯ. ಅಂಥವರು 'ಶಹಬ್ಬಾಸ್, ಮುಂದಿನ ವಾರ ಬರುತ್ತೇನೆ' ಎಂದು ಉತ್ತರ ಹಾಕಿದರು. ಅಷ್ಟರಲ್ಲಿ ವಾಚರ್ ದಿಬ್ಬದ ಕೆಳಗೆ ಕುಕ್ಕರುಗಾಲಲ್ಲಿ ಕೂತು ನನ್ನನ್ನು ಕರೆದರು.

"ಸಾರ್, ಇಲ್ ಬರ್ರಿ. ಇದು ಹುಲ್ಲಲ್ಲ ನೋಡ್ರಿ."

ಮಳೆಗೆ ಕರಗಿದ ಹಿಕ್ಕೆಯ ಗುಪ್ಪೆಯಿಂದ ಎರಡೆರಡು ದಪ್ಪ ಎಲೆಯ ಸಸಿಗಳು ಎದ್ದಿದ್ದವು. ಕೆಲವಕ್ಕೆ ನಡುವೆ ಹಕ್ಕಿಯ ಗರಿಯಂಥ ಸಣ್ಣ ಎಲೆಯೂ ಬಂದಿತ್ತು. ಜಾಲಿ. ಕೈಯಿಟ್ಟಲ್ಲೆಲ್ಲ ಜಾಲಿ. ಕುರಿಯ ಹೊಟ್ಟೆಯಲ್ಲಿ ಕಾಯಿಯ ತಿರುಳು ಕರಗುತ್ತದೆ, ಬೀಜ ಕರಗುವುದಿಲ್ಲ. ಸಿಪ್ಪೆ ಮೆತ್ತಗಾಗಿ, ಗೊಬ್ಬರದ ಸಮೇತ ನೆಲಕ್ಕೆ ಬಿದ್ದು, ಮೊದಲ ಮಳೆಗೇ ಮೊಳೆಯುತ್ತದೆ. ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಪಾಸಾದ ವಿಷಯ ಇದು. ನಾಲ್ಕು ತಿಂಗಳು ಬೇರು ಕಿತ್ತ ನೆಲಕ್ಕೆ ನಾನೇ ಕರೆದು ಬೀಜ ಬಿತ್ತಿಸಿದ್ದೆ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದೆ.

ಹಿರಿಯ ಅಧಿಕಾರಿ ಹೇಳಿದ ದಿನಕ್ಕೇ ಬಂದರು. ಜೀಪಿನಿಂದ ಇಳಿದು ಹತ್ತು ಹೆಜ್ಜೆ ನಡೆದವರು ನಿಂತರು. ಬಗ್ಗಿ ಒಂದು ಸಸಿ ಕಿತ್ತು, ಬೇರಿಗೆ ಅಂಟಿದ್ದ ಹಿಕ್ಕೆಯನ್ನು ನೋಡಿದರು.

"ಕುರಿ ಕಾಯೋಕೆ ತೋಳನ್ನ ಬಿಟ್ಟಂಗೆ ಅಂತ ಗಾದೆ ಕೇಳಿದ್ದೆ. ನೀವು ತೋಳದ ಜಾಗ ಕಾಯೋಕೆ ಕುರಿ ಬಿಟ್ಟಿದ್ದೀರಲ್ರೀ! ಯಾರ ಮಂದೆ ಇದು?"

ಹೇಳಿದೆ. ಹೇಗೆ ಒಳಗೆ ಬಂತು ಎಂದು ಅವರು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ. ಅವರೇ ಮುಂದುವರಿಸಿದರು. ಅಕ್ರಮವಾಗಿ ಮೇಯಿಸಿದ್ದಕ್ಕೆ ಕುರಿಯವರ ಮೇಲೆ ಕೇಸು. ಕಾವಲಿನ ಸುತ್ತ ಕಂದಕ ತೆಗೆಸಿ ಕುರಿದಾರಿ ಮುಚ್ಚುವುದು. ನಲವತ್ತು ಎಕರೆಗೂ ಟ್ರ್ಯಾಕ್ಟರ್ ಹೊಡೆಸಿ, ಆಮೇಲೆ ಕಳೆನಾಶಕ. "ಆ ಹೆಂಗಸಿನ ಹೇಳಿಕೆ ತಗೊಂಡು ವಾರದೊಳಗೆ ವರದಿ ಕಳಿಸಿ" ಎಂದು ಜೀಪು ಹತ್ತಿದರು.

ಟ್ರ್ಯಾಕ್ಟರ್ ಹೊಡೆದರೆ ಜಾಲಿಯ ಜೊತೆ ಆಗತಾನೇ ಬೇರು ಬಿಡುತ್ತಿದ್ದ ಹುಲ್ಲೂ ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಕಂದಕ ಬಿದ್ದರೆ ಆ ಮಂದೆ ನೀರಿಗೆ ಹೋಗಲು ಒಂದು ಹಗಲಿನ ಸುತ್ತು ಹಾಕಬೇಕು. ಬಿರುಬೇಸಿಗೆಯಲ್ಲಿ ಮರಿಗಳು ಅಷ್ಟು ದೂರ ಬದುಕಿ ತಲುಪುವುದಿಲ್ಲ. ಎಲ್ಲ ಗೊತ್ತಿದ್ದೂ ನಾನು ಆಫೀಸಿಗೆ ಬಂದು, ಹೇಳಿಕೆಯ ಕಾಗದವನ್ನು ಟೈಪ್ ಮಾಡಿದೆ. 'ಅನುಮತಿಯಿಲ್ಲದೆ ಪ್ರವೇಶಿಸಿ' ಎಂಬ ಪದಗಳನ್ನು ಒತ್ತಿದ ಬೆರಳುಗಳು ನನ್ನವೇ. ಹೆದರಿದ್ದೆ. ನೌಕರಿ ಹೋಗುತ್ತದೆ ಎಂಬ ಹೆದರಿಕೆಗಿಂತ, ನಾಲ್ಕು ಜನರ ಮುಂದೆ ದಡ್ಡನಾಗುತ್ತೇನಲ್ಲ ಎಂಬ ಹೆದರಿಕೆ ದೊಡ್ಡದಿತ್ತು.

ಮಾರನೆಯ ದಿನ ಹಿನ್ನೀರಿನ ದಂಡೆಗೆ ಹೋದೆ. ಯಜಮಾನಿ ಒಂದು ಕುಂಟುವ ಮರಿಯ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದರು. ಮತ್ತೆ ಕಂಬಳಿ ಹಾಸಿದರು, ಮತ್ತೆ "ಕುಂತ್ಕಳ್ರಿ" ಎಂದರು. ಈ ಸಲ ಕೂರಲು ಮುಖವಿರಲಿಲ್ಲ. ನಿಂತೇ ಹೇಳಿದೆ: ಬಯಲಲ್ಲಿ ಜಾಲಿ ಹುಟ್ಟಿದೆ, ಮೇಲಿನವರು ಬಂದು ನೋಡಿದ್ದಾರೆ, ಕೇಸಾಗುತ್ತದೆ, ದಾರಿಯೂ ಮುಚ್ಚಬಹುದು.

ಆಕೆ ಮರಿಯನ್ನು ಬಿಟ್ಟು, ಕೈ ಒರೆಸಿಕೊಂಡರು.

"ಹುಟ್ದೆ ಏನಾಗ್ತೈತೆ ಸಾರ್? ಕಾಯಿ ಮೇದ ಕುರಿನ ಐದು ದಿನ ಬಂಡೆ ಮೇಲೆ ಇಕ್ಬೇಕು. ಹೊಟ್ಟೆ ತೊಳೆದು ಹೋಗ್ತೈತೆ. ಆಮೇಲೇ ಹೊಲಕ್ಕೆ ಕೂಡಾದು. ನಮ್ಮಜ್ಜನ ಕಾಲದಿಂದ್ಲೂ ಹಂಗೇ. ಹೊಲ್ದೋರೂ ಅಷ್ಟೇ, ಎಲ್ಲಿ ಮೇಸ್ಕೊಂಡು ಬಂದ್ರಿ ಅಂತ ಕೇಳದೆ ಒಳಗೆ ಬಿಡಾದಿಲ್ಲ."

"ಹಾಗಾದ್ರೆ ನೀವು ಯಾಕೆ..." ಎಂದವನು ಅಲ್ಲೇ ನಿಲ್ಲಿಸಿದೆ.

"ನೀವು ಇವತ್ತೇ ಬರ್ರಿ ಅಂದ್ರಿ. ಕಾಡಿನ ಸಾಹೇಬ್ರು, ತಿಳ್ದೋರು, ಜಾಲಿ ಕೀಳೋರಿಗೆ ಜಾಲಿ ಗೊತ್ತಿರಲ್ವಾ ಅಂದ್ಕಂಡೆ." ಕುಹಕವಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದರು. ಆಮೇಲೆ ನನ್ನ ಕೈಯಲ್ಲಿದ್ದ ಕಾಗದ ಆಕೆಯ ಕಣ್ಣಿಗೆ ಬಿತ್ತು. "ಅದಕ್ಕೆ ಸೈನ್ ಹಾಕ್ಬೇಕಾ? ಎಲ್ಲಿ ಅಂತ ತೋರಿಸ್ರಿ, ಹಾಕ್ತೀನಿ. ನಿಮ್ಗೇನೂ ತೊಂದ್ರೆ ಬ್ಯಾಡ. ನೀರಿನ ದಾರಿ ಒಂದು ಬಿಡಿಸಿ ಕೊಡ್ರಿ, ಅಷ್ಟೇ ಸಾಕು."

ನಾನು ಆಕೆಯ ಮೇಲೆ ತಪ್ಪು ಹೊರಿಸಲು ಹೋಗಿದ್ದೆ. ಆಕೆ ಅದನ್ನು ನೀರಿನ ಕೊಡದಂತೆ ತಲೆಯ ಮೇಲಿಟ್ಟುಕೊಳ್ಳಲು ತಯಾರಾಗಿ ನಿಂತಿದ್ದರು. ನನಗೆ ಅಷ್ಟು ನಾಚಿಕೆ ಜೀವನದಲ್ಲಿ ಆಗಿರಲಿಲ್ಲ. ಕಾಗದವನ್ನು ಮಡಚಿ ಜೇಬಿಗಿಟ್ಟೆ. "ಅಕ್ಕ, ನಾಳೆ ಬಯಲಿಗೆ ಬರ್ತೀರಾ? ಬಲೆ ಎಲ್ಲೆಲ್ಲಿ ಕಟ್ಟಿದ್ರಿ ಅಂತ ತೋರಿಸಬೇಕು" ಎಂದೆ. ಏಕೆ ಕೇಳಿದೆನೋ ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಐದು ದಿನ ಎಂಬ ಮಾತು ಮಾತ್ರ ತಲೆಯಲ್ಲಿ ಕೂತಿತ್ತು.

ಮರುದಿನ ಆಕೆ ಬಂದರು. ಬಲೆ ಕಟ್ಟಿದ್ದ ಗೂಟಗಳು ಯಾವಾಗಲೋ ಹೋಗಿದ್ದವು. ಆಕೆ ಒಂದು ಬಾರೆ ಗಿಡದ ಬುಡದಲ್ಲಿ ನಿಂತು, ಹೆಜ್ಜೆ ಹಾಕುತ್ತ ಹೋಗಿ, ಕೋಲಿನಿಂದ ನೆಲ ಗೀರಿದರು. "ಮೊದಲ್ನೇ ದಿನ ಇಲ್ಲಿ. ಎರಡನೇದು ಆ ಕಲ್ಲಿನ ಪಕ್ಕ." ಹೀಗೆ ಐದು ಜಾಗ. ಮೂರನೆಯ ದಿನ ಗಾಳಿ ಜಾಸ್ತಿ ಇದ್ದದ್ದರಿಂದ ಬಲೆಯನ್ನು ತಗ್ಗಿಗೆ ಇಳಿಸಿದ್ದೂ ನೆನಪಿತ್ತು. ನಮ್ಮ ಜಿಪಿಎಸ್ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ವಾಚರ್ ಜೊತೆ ಸೇರಿ ಹಗ್ಗದಿಂದ ಒಂದು ಗಜದ ಚೌಕ ಮಾಡಿದೆ. ಒಂದೊಂದು ಜಾಗದಲ್ಲೂ ಅದನ್ನು ಹತ್ತು ಕಡೆ ಇಟ್ಟು, ಒಳಗಿನ ಸಸಿ ಎಣಿಸಿದೆವು. ಮೊದಲ ದಿನದ ಜಾಗದಲ್ಲಿ ಎಣಿಸಿ ಎಣಿಸಿ ಸಾಕಾಯಿತು. ಎರಡನೆಯದರಲ್ಲೂ ದಟ್ಟ. ಮೂರನೆಯದರಲ್ಲಿ ಅರ್ಧಕ್ಕರ್ಧ ಕಡಿಮೆ. ನಾಲ್ಕನೆಯದರಲ್ಲಿ ಚೌಕಕ್ಕೆ ಒಂದೆರಡು. ಐದನೆಯ ದಿನದ ಜಾಗದಲ್ಲಿ ಹತ್ತೂ ಚೌಕ ಸೇರಿ ಮೂರು ಸಸಿ. ಬಲೆಯ ಜಾಗ ಬಿಟ್ಟು ಹೊರಗೆ ಇಟ್ಟರೆ ಬರೀ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ಗಾಬರಿಯಲ್ಲಿ ನನಗೂ ಸಾಹೇಬರಿಗೂ ನಲವತ್ತು ಎಕರೆ ಜಾಲಿ ಕಂಡಿತ್ತು. ನಿಜವಾಗಿ ಇದ್ದದ್ದು ಐದು ತುಂಡು ನೆಲದಲ್ಲಿ, ಅದರಲ್ಲೂ ಮೂರರಲ್ಲಿ.

ಆಕೆಯ ಅಜ್ಜನ ಮಾತು ನೆಲದ ಮೇಲೆ ಬರೆದಂತೆ ಕಾಣುತ್ತಿತ್ತು. ಯಾವ ಪ್ರಯೋಗಾಲಯವೂ ಇಲ್ಲದೆ, ತಲೆಮಾರುಗಟ್ಟಲೆ ಕುರಿಗಳ ಹಿಂದೆ ನಡೆದು, ಬೀಜ ಹೊಟ್ಟೆಯಲ್ಲಿ ಎಷ್ಟು ದಿನ ಇರುತ್ತದೆ ಎಂದು ಇವರು ಕಂಡುಹಿಡಿದಿದ್ದರು. ಹೇಳಿಕೊಂಡು ತಿರುಗಿರಲಿಲ್ಲ ಅಷ್ಟೇ. ನಾನು ಆ ಚೌಕದ ಪಕ್ಕ ಮಂಡಿಯೂರಿ ಕೂತು, ಮನಸ್ಸಿನಲ್ಲೇ ಆಕೆಗೆ ಕೈ ಮುಗಿದೆ.

ಅಂದು ಸಂಜೆ ವರದಿಯನ್ನು ಹೊಸದಾಗಿ ಬರೆದೆ. ಕುರಿಯನ್ನು ಕರೆದವನು ನಾನು, ಅನುಮತಿ ಕೇಳದವನು ನಾನು, ಕುರಿಗಾರರು ಎಚ್ಚರಿಸಿದರೂ ಅವಸರ ಮಾಡಿದವನು ನಾನು. ಐದು ಜಾಗದ ಎಣಿಕೆಯ ಪಟ್ಟಿ ಲಗತ್ತಿಸಿ, ಉಳುಮೆ, ಔಷಧ, ಕಂದಕ ಯಾವುದೂ ಬೇಡ, ಮಳೆಗಾಲ ಮುಗಿಯುವವರೆಗೆ ಕೈಯಿಂದ ಕೀಳಲು ಅವಕಾಶ ಕೊಡಿ ಎಂದು ಕೇಳಿದೆ. ಕಳಿಸಿದ ಮೇಲೆ ಆ ರಾತ್ರಿ ಊಟ ರುಚಿಸಿತು.

ಮೆಮೊ ಬಂತು. ಅದರ ಹಿಂದೆಯೇ ಹಿರಿಯ ಅಧಿಕಾರಿಯ ಫೋನೂ ಬಂತು. "ಮೊದಲ ದಿನವೇ ಬಾಯಿ ಬಿಟ್ಟಿದ್ರೆ ಬೈದು ಸುಮ್ಮನಾಗ್ತಿದ್ದೆ. ಈಗ ಮೆಮೊ ಇಟ್ಕೊಳ್ಳಿ. ಕೇಸು ಬೇಡ. ಆದ್ರೆ ಮಳೆಗಾಲ ಮುಗಿದ ಮೇಲೆ ನಾನು ಬಂದಾಗ ಜಾಲಿ ಕಂಡ್ರೆ ಕಂದಕ ತೆಗೆಸೋದೇ" ಎಂದರು. ದಾರಿಯ ಹಣೆಬರಹ ನಮ್ಮ ಕೈಬೆರಳುಗಳಿಗೆ ಬಂದು ನಿಂತಿತು.

ಜಾಲಿ ಸಸಿಯನ್ನು ಎರಡೆಲೆ ಇರುವಾಗಲೇ ಕೀಳಬೇಕು. ಮೂರು ವಾರ ಬಿಟ್ಟರೆ ಬೇರು ಗೇಣುದ್ದ ಇಳಿದು, ಎಳೆದರೆ ಮೇಲಿನದು ಮಾತ್ರ ಕೈಗೆ ಬರುತ್ತದೆ. ಮಳೆಯಾದ ಮರುದಿನ ನೆಲ ಹಸಿಯಿರುವಾಗ ಬುಡ ಹಿಡಿದು ನೇರವಾಗಿ ಮೇಲಕ್ಕೆ ಎಳೆದರೆ ಇಡೀ ಬೇರು ಜಾರಿಕೊಂಡು ಬರುತ್ತದೆ. ಶೇಂಗಾ ಹೊಲದಲ್ಲಿ ಕಳೆ ತೆಗೆದು ಪಳಗಿದ ಹೆಣ್ಣುಮಕ್ಕಳು ಊರಿಂದ ಬಂದರು. ಸಾಲು ಹಿಡಿದು, ಹುಲ್ಲಿಗೆ ಕೈ ತಾಗದಂತೆ ಜಾಲಿಯನ್ನಷ್ಟೇ ಆರಿಸುವ ಅವರ ಬೆರಳಿನ ಚುರುಕು ನೋಡಬೇಕು! ನಾನೂ ಸಾಲಿನಲ್ಲಿ ಕೂತೆ. ಒಂದು ಗಂಟೆಯಲ್ಲಿ ಅವರು ಆಚೆ ಬದಿಯಲ್ಲಿದ್ದರು, ನಾನು ಈಚೆಯೇ.

"ಸಾರ್, ನೀವು ಪೆನ್ನೇ ಹಿಡೀರಿ" ಎಂದು ಒಬ್ಬಾಕೆ ನಗೆಯಾಡಿದರು.

ಹೀಗೆ ಮಳೆಗೊಮ್ಮೆ ಒಂದು ಸುತ್ತು. ಮೊದಲ ಸುತ್ತಿನಲ್ಲಿ ಕಿತ್ತ ಜಾಗದಲ್ಲೇ ಎರಡನೆಯ ಸುತ್ತಿಗೆ ಮತ್ತೆ ಸಸಿ. ಬೀಜ ಎಲ್ಲವೂ ಒಟ್ಟಿಗೆ ಮೊಳೆಯುವುದಿಲ್ಲ. ಜುಲೈಯಲ್ಲಿ ಮಳೆ ಕೈಕೊಟ್ಟು ನೆಲ ಗಟ್ಟಿಯಾದಾಗ ಕುರ್ಪಿ ಹಿಡಿದು ಒಂದೊಂದನ್ನೂ ಮೀಟಬೇಕಾಯಿತು. ಯಜಮಾನಿ ಹಿನ್ನೀರಿನಿಂದ ವಾರಕ್ಕೊಮ್ಮೆ ಬಂದು ಕೋಲೂರಿ ನೋಡುತ್ತಿದ್ದರು. ಏಳನೆಯ ಸುತ್ತಿಗೆ ಐದೂ ಜಾಗದಲ್ಲಿ ಸಿಕ್ಕಿದ್ದು ಒಂದು ಹಿಡಿ.

ಜಾಲಿ ಹೋಯಿತು, ಆದರೆ ಮೊದಲ ಮೂರು ಜಾಗ ಬೋಳಾಗಿಯೇ ಉಳಿದವು. ಅಷ್ಟು ಸಲ ಕೆದಕಿದ ನೆಲದಲ್ಲಿ ಹುಲ್ಲು ಹತ್ತಿರಲಿಲ್ಲ, ಗೊಬ್ಬರಕ್ಕೆ ಬೇರೆ ಕಳೆಗಳು ಎದ್ದಿದ್ದವು. ಬೋಳು ಬಿಟ್ಟ ಜಾಗಕ್ಕೆ ಜಾಲಿ ಮತ್ತೆ ಬರುತ್ತದೆ. ಹುಲ್ಲಿನ ಬೀಜ ಎಲ್ಲಿಂದ ತರಲಿ? ಗುಡ್ಡದ ಇಳಿಜಾರಿನಲ್ಲಿ ಸೂಜಿ ಮೊನೆಯ ಬೀಜದ ಒಳ್ಳೆಯ ಹುಲ್ಲಿತ್ತು. ಕೈಯಿಂದ ಕೂಡಿಸಲು ಹೋದರೆ ಬೆರಳೆಲ್ಲ ರಕ್ತ, ಇಡೀ ದಿನಕ್ಕೆ ಒಂದು ಸೇರೂ ಆಗಲಿಲ್ಲ.

ಚಿತ್ತಾ ಮಳೆ ಮುಗಿದ ಮೇಲೆ ಯಜಮಾನಿ ಆ ಬೋಳು ಜಾಗದಲ್ಲಿ ನಿಂತು ಹೇಳಿದರು: "ಕುರಿ ತರ್ತೀನಿ ಸಾರ್."

ನಾನು ಹಾವು ತುಳಿದವನಂತೆ ಹಿಂದೆ ಸರಿದೆ. "ಬೇಡಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ!"

ಆಕೆ ಜೋರಾಗಿ ನಕ್ಕರು. "ಹೊಟ್ಟೇಲಿ ತಂದ್ರೆ ಕೇಡು. ಮೈ ಮೇಲೆ ತಂದ್ರೆ?" ಆಮೇಲೆ ಬಿಡಿಸಿ ಹೇಳಿದರು. ಆ ಸೂಜಿ ಬೀಜ ಕುರಿಯ ಉಣ್ಣೆಗೆ ಚುಚ್ಚಿಕೊಳ್ಳುತ್ತದೆ. ಅದಕ್ಕೇ ಅದು ಹಣ್ಣಾದಾಗ ಕುರಿಗಾರರು ಆ ಇಳಿಜಾರಿಗೆ ಮಂದೆ ಬಿಡುವುದಿಲ್ಲ. ಬಿಟ್ಟರೆ ಹೊಟ್ಟೆ, ಕಾಲಿನ ಉಣ್ಣೆ ಹಾಳಾಗುತ್ತದೆ, ಕಂಬಳಿಗೆ ಬರುವುದಿಲ್ಲ. "ಈಗ ಹೆಂಗೂ ಉಣ್ಣೆ ಕತ್ರಿಸೋ ಕಾಲ. ಒಂದು ಹೊತ್ತು ಅಲ್ಲಿ ಆಡಿಸಿ, ಇಲ್ಲೇ ತಂದು ಕತ್ರಿಸಾಣ. ಬೆನ್ನಿನ ಉಣ್ಣೆ ನಮ್ಗೆ, ಹೊಟ್ಟೆ ಉಣ್ಣೆ ನಿಮ್ಮ ಜಿಂಕೆಗೆ."

ಈ ಸಲ ಮೊದಲು ಅನುಮತಿ ಕೇಳಿದೆ. ಲಿಖಿತವಾಗಿ, ಪ್ರತಿ ಹೆಜ್ಜೆ ಬರೆದು. ಮೂರು ವಾರ ಕಾದೆ. ಅಷ್ಟರಲ್ಲಿ ಬೀಜ ಉದುರಿಹೋದರೆ ಎಂದು ಜೀವ ಹೋಗಿ ಬರುತ್ತಿತ್ತು, ಆದರೂ ಕಾದೆ. ಹಿರಿಯ ಅಧಿಕಾರಿಯ ಒಪ್ಪಿಗೆಯ ಕೆಳಗೆ ಕೈಬರಹದಲ್ಲಿ ಒಂದು ಸಾಲು ಇತ್ತು: 'ಐದು ದಿನ ಬಂಡೆಯ ಮೇಲೆ ಇದ್ದದ್ದನ್ನು ಖುದ್ದು ಪರಿಶೀಲಿಸುವುದು.'

ಮಂದೆ ಹಾಸುಬಂಡೆಯ ಮೇಲೆ ಐದು ದಿನ ಇತ್ತು. ಧರ್ಮಪುರದ ಕಡೆಯಿಂದ ತರಿಸಿದ ಶೇಂಗಾ ಹೊಟ್ಟು ಹಾಕಿ ಸಾಕಿದರು. ಆರನೆಯ ದಿನ ಇಬ್ಬನಿ ಆರಿದ ಮೇಲೆ ಕುರಿಗಳನ್ನು ಇಳಿಜಾರಿನ ಹುಲ್ಲಿನಲ್ಲಿ ಎರಡು ಸಲ ಅಡ್ಡಡ್ಡ ನಡೆಸಿದರು. ಹೊರಬಂದಾಗ ಅವುಗಳ ಹೊಟ್ಟೆ, ತೊಡೆಯೆಲ್ಲ ಕಂದು ಸೂಜಿ ಬೀಜ. ಬಯಲಿನಲ್ಲಿ ಕಾಲು ಕಟ್ಟಿ ಮಲಗಿಸಿ, ದೊಡ್ಡ ಕತ್ತರಿಯಲ್ಲಿ ಕಚಕಚನೆ ಕತ್ತರಿಸುತ್ತ ಹೋದರು. ಬೆನ್ನಿನ ಉಣ್ಣೆ ಒಂದು ಗುಪ್ಪೆ, ಹೊಟ್ಟೆಯದು ಇನ್ನೊಂದು. ಹೊಟ್ಟೆಯ ಉಣ್ಣೆಯನ್ನು ಯಜಮಾನಿ ಕೈಯಾರೆ ಬಿಡಿಸಿ ಬಿಡಿಸಿ ಬೋಳು ನೆಲಕ್ಕೆ ಹರಡಿದರು. ಗಾಳಿಗೆ ಹಾರದಂತೆ ವಾಚರ್ ಅದರ ಮೇಲೆ ಕಾರೆ ಮುಳ್ಳು ಹೊದಿಸಿದರು. ಸೂಜಿ ಬೀಜ ಚುಚ್ಚಿದ ಕುರಿಗಳ ಮೈಗೆ ಆಕೆ ಬೇವಿನೆಣ್ಣೆ ಸವರುತ್ತ, "ಒಂದು ದಿನ ತಡ್ಕಳ್ರಿ ನಮ್ಮವ್ವ, ನಿಮ್ಮ ನೀರಿನ ದಾರಿಗೇ ಅಲ್ವಾ" ಎಂದು ಅವಕ್ಕೆ ಹೇಳುತ್ತಿದ್ದರು.

ಕೆಲ ದಿನಗಳ ಮೇಲೆ ಹಿರಿಯ ಅಧಿಕಾರಿ ಬಂದರು. ಒಬ್ಬರೇ, ಒಂದು ಗಂಟೆ ತಲೆ ತಗ್ಗಿಸಿ ಬಯಲೆಲ್ಲ ಸುತ್ತಿದರು. ಕೊನೆಗೆ ಎರಡು ಜಾಲಿ ಸಸಿ ಹಿಡಿದುಕೊಂಡು ಬಂದು ನನ್ನ ಅಂಗೈಯಲ್ಲಿಟ್ಟರು. ನನ್ನ ಜೀವವೇ ಹೋಯಿತು.

"ಎರಡು" ಎಂದರು. "ಜಿಂಕೆಯೂ ಕಾಯಿ ತಿನ್ನುತ್ತೆ ಕಣ್ರೀ. ಅದರ ಮೇಲೂ ಕೇಸು ಹಾಕೋಕಾಗುತ್ತಾ?" ಮುಂದಿನ ವರ್ಷದ ನಿರ್ವಹಣಾ ಯೋಜನೆಯಲ್ಲಿ ಕಂದಕದ ಸಾಲು ಇರಲಿಲ್ಲ. ಕುರಿದಾರಿಯನ್ನು ನಕಾಶೆಯಲ್ಲಿ ಗುರುತು ಮಾಡಿ ಹಾಗೆಯೇ ಬಿಟ್ಟಿದ್ದರು.

ಮರುವರ್ಷ ಬೇಸಿಗೆಯಲ್ಲೇ ಎರಡು ಅಡ್ಡಮಳೆ ಬಿದ್ದು, ಉಣ್ಣೆ ಹರಡಿದ ಮೂರು ಜಾಗದಲ್ಲೂ ಹುಲ್ಲು ಎದ್ದಿತು. ದಟ್ಟವಾಗಿ ಅಲ್ಲ, ಗುಂಪು ಗುಂಪಾಗಿ. ಮಣ್ಣಲ್ಲಿ ಇನ್ನೂ ಅಲ್ಲಲ್ಲಿ ಉಣ್ಣೆಯ ಎಳೆ ಸಿಗುತ್ತಿತ್ತು. ಮೃಗಗಳು ಅಂಚಿನಲ್ಲಿ ನಿಲ್ಲುವುದನ್ನು ಬಿಟ್ಟು ಒಳಗೆ ಬಂದಿದ್ದವು.

ಮೇ ತಿಂಗಳಲ್ಲಿ ಧರ್ಮಪುರದ ಕಡೆಯಿಂದ ಮಂದೆ ಬಂತೆಂದು ವಾಚರ್ ಫೋನ್ ಮಾಡಿದರು. ಹೋದೆ. ಯಾರೂ ಹೇಳದಿದ್ದರೂ ಮಂದೆ ಕಾವಲಿನ ಹೊರಗೆ, ಅದೇ ಹಾಸುಬಂಡೆಯ ಮೇಲೆ ನಿಂತಿತ್ತು. ಹಗಲು ಹೊತ್ತಿಗೆ ಬಂಡೆ ಕಾದಿತ್ತು. ಕುರಿಗಳು ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತಲೆ ಹಾಕಿದ್ದವು. ಆಚೆ ದಾರಿ ತೆರೆದೇ ಇತ್ತು, ಅದರ ತುದಿಯಲ್ಲಿ ಹಿನ್ನೀರು ಕಾಣುತ್ತಿತ್ತು. ನೀರನ್ನು ಕೊಡದಲ್ಲಿ ಹೊತ್ತು ತಂದು ಮರಿಗಳಿಗೆ ಕುಡಿಸುತ್ತಿದ್ದರು.

"ಅಕ್ಕ, ದಾರಿ ನಿಮ್ಮದೇ. ನಕಾಶೆಯಲ್ಲೇ ಇದೆ. ದಾಟಿಕೊಂಡು ಹೋಗಿ" ಎಂದೆ.

"ಇನ್ನೂ ಎರಡು ದಿನ ಐತೆ ಸಾರ್. ಹಾದಿಯಾಗೆ ಉದುರಿಸಿದ್ರೆ ಹಾದೀಲೇ ಹುಟ್ತೈತೆ."

ಆಕೆ ಕಂಬಳಿ ಕೊಡವಿ, ಬಂಡೆಯ ಓರೆ ನೆರಳಿಗೆ ಹಾಸಿದರು.

"ಕುಂತ್ಕಳ್ರಿ."

ಬೈಕಿನ ಕೀಲಿ ಜೇಬಿಗೆ ಹಾಕಿ ಕೂತೆ.